ರೈಟರಿಗೆ ನಾನು ಕೇಳಿದ ಪ್ರಶ್ನೆಗಳು

ಕೋಚಿಂಗ್ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವರನ್ನು ಕೂಡಿಸಿಕೊಂಡು ಗಣಿತ ಹೇಳಿಕೊಡುವುದು ಅಂತಲೇ ನಾನು ತಿಳಿದಿದ್ದೆ. ಎರಡು ಸಾವಿರನೇ ಇಸವಿ ಕಳೆದ ಮೇಲಿನ ಮಾತು. ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೆ. ಮಾಲೀಕರು ಎಲ್ಲಿಂದಲೋ ತರಬೇತುದಾರರೊಬ್ಬರನ್ನು ಕರೆಸಿ, ನಮ್ಮಂಥ ಹತ್ತು ಜನರನ್ನು ಸಕಲೇಶಪುರದ ಹೋಟೆಲೊಂದರ ಮಹಡಿಯಲ್ಲಿ ಮೂರು ದಿನ ಕೂಡಿಹಾಕಿದರು.

ಅಲ್ಲಿ ಕಲಿತದ್ದು ಮೂರು ಮಾದರಿ. ಮೊದಲನೆಯದರಲ್ಲಿ ನಾಲ್ಕು ಮೆಟ್ಟಿಲು: ಏನು ಬೇಕು, ಈಗ ಹೇಗಿದೆ, ಯಾವ ದಾರಿಗಳಿವೆ, ಯಾವಾಗ ಮಾಡುತ್ತೀರಿ. ಇನ್ನೊಂದರಲ್ಲಿ ಚಕ್ರ ಬರೆದು ಕೆಲಸ, ಮನೆ, ಆರೋಗ್ಯ ಅಂತ ಭಾಗ ಮಾಡಿ, ಯಾವುದು ಸೊರಗಿದೆ ಎಂದು ಎದುರಿನವರ ಕೈಯಲ್ಲೇ ಗುರುತು ಹಾಕಿಸಬೇಕು. ಮೂರನೆಯದರಲ್ಲಿ ತಪ್ಪಿನ ಸುದ್ದಿಯನ್ನೇ ಎತ್ತದೆ, ಹಿಂದೆ ಚೆನ್ನಾಗಿ ನಡೆದದ್ದರಿಂದ ಶುರುಮಾಡಬೇಕು. ಮಾದರಿ ಯಾವುದಾದರೂ ಸರಿ, ಕೋಚ್ ಆದವನು ಉತ್ತರ ಮಾತ್ರ ಹೇಳಬಾರದು. ಕೇಳಬೇಕು, ಸುಮ್ಮನಿರಬೇಕು, ‘ಬೇರೆ ಏನು?’ ಅಂತ ಮತ್ತೆ ಕೇಳಬೇಕು. ಇದು ನನ್ನ ತಲೆಗೆ ಎಷ್ಟು ಏರಿತೆಂದರೆ, ಹೆಂಡತಿ ಸಾರಿಗೆ ಉಪ್ಪು ಸಾಕಾ ಅಂದಾಗ ನಿನಗೇನನಿಸುತ್ತದೆ ಅಂತ ಕೇಳಿ ಸರಿಯಾಗಿ ಬೈಸಿಕೊಂಡೆ.

ಮಾಲೀಕರು ನನಗೆ ಒಪ್ಪಿಸಿದ್ದು ಕೆಳಗಿನ ತೋಟದ ರೈಟರನ್ನು. ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವವರು ಅವರೇ. ಕೆ. ಹೊಸಕೋಟೆ ಕಡೆಯವರು, ಐವತ್ತು ದಾಟಿತ್ತು, ಇಪ್ಪತ್ತು ವರ್ಷದಿಂದ ಎಸ್ಟೇಟಿನ ಲೈನ್ ಮನೆಯಲ್ಲೇ ಸಂಸಾರ. ಹಣ್ಣು ಕುಯ್ಯುವ ಕಾಲಕ್ಕೆ ಸರಿಯಾಗಿ ಅವರ ಆಳುಗಳು ಪಕ್ಕದ ತೋಟಕ್ಕೆ ಜಾರಿಕೊಳ್ಳುತ್ತಿದ್ದರು. ಕುಯ್ಲು ಮುಗಿಯುವುದರೊಳಗೆ ಇದು ನಿಲ್ಲದಿದ್ದರೆ ರೈಟರನ್ನು ತೆಗೆಯುತ್ತೇನೆ, ತಿದ್ದುವ ಜವಾಬ್ದಾರಿ ನಿನ್ನದು ಅಂದರು ಮಾಲೀಕರು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಅವರ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ.

ಆಳುಗಳು ಯಾಕೆ ಹೋಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕುಯ್ದ ಹಣ್ಣಿನ ತೂಕಕ್ಕೆ ತಕ್ಕ ಕೂಲಿ. ರೈಟರು ಹಣ್ಣು ತುಂಬಿದ ಸಾಲುಗಳನ್ನು ದಿನವೂ ಹಳಬರಿಗೇ ಕೊಟ್ಟು, ಹೊಸಬರನ್ನು ಇಳಿಜಾರಿನ ಬಡಕಲು ಗಿಡಗಳಿಗೆ ಅಟ್ಟುತ್ತಿದ್ದರು. ಬೆಳಿಗ್ಗೆ ಚೀಟಿ ಎತ್ತಿಸಿ ಸಾಲು ಹಂಚಿದ್ದರೆ ತಂಟೆಯೇ ಇರುತ್ತಿರಲಿಲ್ಲ. ಅದೊಂದು ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಆಫೀಸಿಗೆ ಕರೆಸಿ, ಬಾಗಿಲು ಹಾಕಿ, ಕುರ್ಚಿ ಕೊಟ್ಟೆ. ಅವರು ಕೂರಲೊಲ್ಲರು. ಭುಜ ಹಿಡಿದು ಕೂರಿಸಿದೆ. ಮೆಟ್ಟಿಲಿನ ಪ್ರಶ್ನೆ ಯಾವುದನ್ನು ಕೇಳಿದರೂ ನೀವು ಹೇಳಿದಂಗೆ ಸಾ ಅಂದರು. ಎರಡನೇ ವಾರ ಚಕ್ರ ಬರೆಸಿದೆ. ಮನೆ ಎಂಬ ಭಾಗಕ್ಕೆ ಬಂದಾಗ ಅವರ ಪೆನ್ನು ನಿಂತಿತು. ಯೋಚಿಸುತ್ತಿದ್ದಾರೆ, ಭೇಷ್ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮೂರನೇ ವಾರ ಹಿಂದಿನ ಒಳ್ಳೆಯ ದಿನಗಳನ್ನು ನೆನಪಿಸಿಕೊಳ್ಳಿ ಅಂದರೆ ಅತ್ತೇಬಿಟ್ಟರು. ಅಷ್ಟರಲ್ಲಿ ಇನ್ನೂ ನಾಲ್ಕು ಹೆಂಗಸರು ಪಕ್ಕದ ತೋಟ ಸೇರಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ತರಬೇತುದಾರರಿಗೆ ಫೋನ್ ಮಾಡಿ, ಹೇಳಿಬಿಡಲೇ ಸಾರ್ ಅಂತ ಗೋಗರೆದೆ. ಪ್ರಕ್ರಿಯೆಯನ್ನು ನಂಬಿ ಅಂದರು.

ನಾಲ್ಕನೇ ವಾರ, ಶನಿವಾರ, ಮತ್ತೆ ಮೆಟ್ಟಿಲಿಗೇ ಬಂದು ಯಾವ ದಾರಿಗಳಿವೆ ಅಂತ ಕೇಳಿದೆ. ಆಳುಗಳನ್ನು ಇನ್ನೂ ಗದರಿಸಬಹುದು ಅಂದರು. ಬರೆದುಕೊಂಡೆ. ಬೇರೆ ಏನು? ಆಲೂರು ಕಡೆಯಿಂದ ಹೊಸ ಆಳು ತರಬಹುದು. ಬೇರೆ ಏನು? ಕುರ್ಚಿಯಿಂದ ಎದ್ದು ನಿಂತರು.

“ಕೆಲಸ ಬುಟ್ಟು ಹೋಗದು ಒಂದೈತೆ ಸಾ.”

ಯಾವ ಉತ್ತರಕ್ಕೂ ಮುಖ ಬದಲಿಸಬಾರದಿತ್ತಲ್ಲ, ಅದನ್ನೂ ಬರೆದುಕೊಂಡು ತಲೆಯಾಡಿಸಿದೆ. ಯಾವುದನ್ನು ಆರಿಸುತ್ತೀರಿ, ಯಾವಾಗ ಅಂತ ಕೇಳಿದೆ. ಸೋಮವಾರ ಅಂದರು.

ಸೋಮವಾರ ಬೆಳಿಗ್ಗೆ ಲೈನ್ ಮುಂದೆ ಜೀಪು ನಿಂತಿತ್ತು. ಪಾತ್ರೆ, ಹಾಸಿಗೆ, ಮಗಳ ಪುಸ್ತಕದ ಗಂಟು ಎಲ್ಲ ಏರಿದ್ದವು. ರಾಜೀನಾಮೆಯನ್ನು ಹಿಂದಿನ ದಿನವೇ ಮಾಲೀಕರಿಗೆ ಕೊಟ್ಟಿದ್ದರಂತೆ. ಇದೇನ್ರೀ ರೈಟ್ರೇ, ನಾನು ಹೋಗಿ ಅಂದೆನಾ ಅಂತ ಕೂಗಾಡಿದೆ. ಅವರ ಹೆಂಡತಿ ತಿರುಗಿ ನೋಡಿದರು.

“ಈ ಎಸ್ಟೇಟಲ್ಲಿ ರೈಟರ್‌ನ ಬಾಗ್ಲಾಕಿ ಕುರ್ಚಿ ಮೇಲೆ ಕೂರ್ಸದು ಕೆಲಸ ಬುಡಿಸುವಾಗ ಮಾತ್ರ ಸಾ. ಬುಡ್ತೀನಿ ಅಂತ ಅವರ ಬಾಯಿಂದ್ಲೇ ಹೇಳ್ಸಕ್ಕೆ. ನಾಕು ವಾರ ಕೂರ್ಸಿದ್ರಿ.”

ಹಳೆಯ ಮ್ಯಾನೇಜರ್ ಸ್ಟೋರಿನ ರೈಟರನ್ನು ಹಾಗೆ ಕೂರಿಸಿ ಕಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಹೊಳೆದೇ ಇರಲಿಲ್ಲ. ಆಗ ಬಾಯಿಬಿಟ್ಟೆ. ಚೀಟಿ, ಸಾಲು, ಎಲ್ಲವನ್ನೂ ತೊದಲುತ್ತ ಹೇಳಿದೆ. ರೈಟರು ಜೀಪಿನ ಕಂಬಿ ಹಿಡಿದು ನಿಂತು ಪೂರ್ತಿ ಕೇಳಿಸಿಕೊಂಡರು.

“ಇಷ್ಟೇನಾ ಸಾ? ಮೊದಲ್ನೇ ದಿನ ಅಂದಿದ್ರೆ ಮಾರನೇ ದಿನದಿಂದ ಚೀಟಿ ಎತ್ತಿಸ್ತಿದ್ನಲ್ಲ.”

ಮಾಲೀಕರ ಹತ್ತಿರ ಓಡಿ ಕೈಮುಗಿದೆ. ಅವರೇ ಕೈಯಾರೆ ಬರೆದುಕೊಟ್ಟಿದ್ದಾರೆ, ಹೊಸ ರೈಟರು ಮಧ್ಯಾಹ್ನ ಬರುತ್ತಾರೆ ಅಂದರು. ಹೊರಗೆ ಬರುವಷ್ಟರಲ್ಲಿ ಜೀಪು ಹೋಗಿತ್ತು.

ವಾರ ಕಳೆದ ಮೇಲೆ ತರಬೇತುದಾರರು ತುಂಬಿಕೊಡಲು ಒಂದು ಫಾರಂ ಕಳಿಸಿದರು. ಎದುರಿನ ವ್ಯಕ್ತಿ ನಿಮ್ಮ ಸಲಹೆಯಿಲ್ಲದೆ ತಾನೇ ನಿರ್ಧಾರಕ್ಕೆ ಬಂದರೇ ಎಂಬ ಪ್ರಶ್ನೆಯಿತ್ತು. ಹೌದು ಅಂತ ಬರೆದು ಸಹಿ ಹಾಕಿದೆ.