ಅತ್ತೆ ಮೊದಲು ಕುಡಿದ ಕಷಾಯ

ಕಣಕಟ್ಟೆಯ ನಮ್ಮ ತೋಟದಲ್ಲಿ ತೆಂಗಿನ ಮರ ಸಾಯುವ ಮುಂಚೆ ಬುಡದಲ್ಲಿ ಅಣಬೆ ಏಳುತ್ತಿತ್ತು. ಸಾರು ಮಾಡುವ ಮೆತ್ತನೆಯ ಅಣಬೆಯಲ್ಲ. ಕೊರಡಿನಂತೆ ಗಟ್ಟಿ, ಮೇಲೆ ಎಣ್ಣೆ ಸವರಿದ ಹಾಗೆ ಕೆಂಪು ಹೊಳಪು. ಅದು ಕಂಡಿತೆಂದರೆ ಅಪ್ಪ ಆ ಮರದ ಆಸೆ ಬಿಡುತ್ತಿದ್ದ. ಅತ್ತೆ ಮಾತ್ರ ಕುಡುಗೋಲು ಹಿಡಿದು ಓಡುತ್ತಿದ್ದಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಅವ್ವನಿಲ್ಲದ ನನ್ನನ್ನು ಸಾಕಿದವಳು. ಅಪ್ಪನಿಗೆ ಉಬ್ಬಸ. ಮೋಡ ಮುಚ್ಚಿದರೆ ಸಾಕು, ಗೋಡೆಗೆ ಒರಗಿ ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದ. ಹಳೇಬೀಡಿನಲ್ಲಿ ಬೇರು ನಾರು ಮಾರುವವನೊಬ್ಬ, ಈ ಅಣಬೆ ಒಣಗಿಸಿ ಕಷಾಯ ಕಾಯಿಸಿ ಕೊಡಿ ಅಂದಿದ್ದನಂತೆ. ಯಾರೋ ಹೇಳಿದ್ದನ್ನು ಹಾಗೇ ತಮ್ಮನ ಬಾಯಿಗೆ ಹಾಕುವವಳಲ್ಲ ಅತ್ತೆ.

ಗೊತ್ತಿಲ್ಲದ ಅಣಬೆ ಬೇಯಿಸಿದರೆ ಮೊದಲು ಒಬ್ಬರು ತಿನ್ನುವುದು, ಹೊತ್ತೇರುವ ತನಕ ಕಾದು ನೋಡಿ ಉಳಿದವರಿಗೆ ಬಡಿಸುವುದು ನಮ್ಮ ಮನೆಯ ರೂಢಿ. ಆ ಒಬ್ಬರು ಯಾವಾಗಲೂ, ಹೋದರೂ ಮನೆಗೆ ನಷ್ಟವಿಲ್ಲ ಅನ್ನಿಸಿಕೊಂಡವರೇ ಆಗಿರುತ್ತಿದ್ದರು. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಕಷಾಯಕ್ಕೂ ಅದೇ ರೂಢಿ ನಡೆಯಿತು. ಅತ್ತೆ ಮೇಲಿನ ತಿಳಿಯನ್ನು ಅಪ್ಪನಿಗೆ ಎತ್ತಿಟ್ಟು, ತಳದ ಕರಿ ಗಷ್ಟನ್ನು ತಾನು ಕುಡಿಯುತ್ತಿದ್ದಳು. "ವಿಷ ಇದ್ರೆ ತಳದಾಗೇ ಇರ್ತದೆ" ಅನ್ನುತ್ತಿದ್ದಳು. ಬಿಸಿಲು ಹೊಸ್ತಿಲಿಗೆ ಬಂದಾಗ ಅಪ್ಪ ಲೋಟ ಎತ್ತಿಕೊಂಡು ಅಡಿಗೆಮನೆ ಕಡೆ ತಿರುಗಿ ಕೇಳುತ್ತಿದ್ದ:

"ಅಕ್ಕಾ, ಕುಡುದ್ಯಾ?"

"ಕುಡುದ್ನಲ್ಲ ಕಣೋ. ಬದ್ಕೇ ಇವ್ನಿ, ನೀ ಕುಡಿ."

ಅಪ್ಪನ ಎದೆ ಹಗುರವಾಯಿತು. ಮಳೆಗಾಲದಲ್ಲೂ ತೋಟ ಸುತ್ತಿ ಬರುತ್ತಿದ್ದ. ಕಷಾಯ ನಿಲ್ಲಿಸುವ ಯೋಚನೆ ಯಾರಿಗೂ ಬರಲಿಲ್ಲ, ಅತ್ತೆ ಮೊದಲು ಕುಡಿಯುವುದನ್ನು ನಿಲ್ಲಿಸುವ ಯೋಚನೆಯೂ ಬರಲಿಲ್ಲ. ಹಾಗೇ ವರ್ಷಗಳು ಹೋದವು.

ಆಮೇಲೆ ಅತ್ತೆಯ ತೋಳ ಮೇಲೆ ಕಪ್ಪು ಕಲೆಗಳು ಕಂಡವು. ಬೀಸುವ ಕಲ್ಲಿನ ಗೂಟ ಸ್ವಲ್ಪ ತಾಗಿದರೂ ಕಂದುತ್ತಿತ್ತು. ಒಂದು ದಿನ ರಾಗಿ ಬೀಸುತ್ತಾ ಕೂತವಳ ಮೂಗಿನಿಂದ ರಕ್ತ ಹಿಟ್ಟಿನ ಮೇಲೆ ತೊಟ್ಟಿಕ್ಕಿತು. "ಉಷ್ಣ ಕಣೇ. ನಿಮ್ಮಪ್ಪಂಗೆ ಹೇಳ್ಬ್ಯಾಡ, ಕಷಾಯ ಬಿಟ್ಬಿಟ್ಟಾನು" ಅಂದಳು. ನಾನು ಹೇಳಿಯೇಬಿಟ್ಟೆ. ಅಪ್ಪ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಅರಸೀಕೆರೆಯ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಕಷಾಯದ ಬಗ್ಗೆ ಕೇಳಿದಾಗ ಅತ್ತೆ, "ನಾನು ಔಸ್ತಿ ಅಂತ ಕುಡಿಯೋದಲ್ಲ ಸ್ವಾಮಿ, ಪರೀಕ್ಷೆಗೆ. ದಿನಾ ಹೊತ್ತೇರೋಗಂಟ ನೋಡ್ತೀನಿ, ಏನೂ ಆಗಕಿಲ್ಲ" ಅಂದಳು.

"ಒಂದು ಬೆಳಿಗ್ಗೆ ಏನೂ ಆಗಲ್ಲಮ್ಮ. ವರ್ಷಗಟ್ಟಲೆ ಕುಡಿದರೆ ಏನಾಗುತ್ತೆ ಅಂತ ಯಾರು ನೋಡಿದಾರೆ?"

ಅತ್ತೆಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳ ಲೆಕ್ಕದಲ್ಲಿ ಪ್ರತಿ ಬೆಳಿಗ್ಗೆಯೂ ಹೊಸ ಪರೀಕ್ಷೆ, ಪ್ರತಿ ಬೆಳಿಗ್ಗೆಯೂ ಅವಳು ಗೆದ್ದಿದ್ದಳು. ಅಣಬೆಯಿಂದಲೇ ಹೀಗಾಯಿತೆಂದು ಹೇಳಲು ಡಾಕ್ಟರಿಗೂ ಧೈರ್ಯವಿರಲಿಲ್ಲ. ಇಬ್ಬರೂ ಕಷಾಯ ಬಿಟ್ಟುಬಿಡಿ ಎಂದು ಹೇಳಿ, ಅಪ್ಪನಿಗೆ ಬಾಟಲಿಯಲ್ಲಿ ಬೇರೆ ಔಷಧಿ ಕೊಟ್ಟರು.

ಅತ್ತೆ ಆ ಬೇಸಿಗೆ ದಾಟಲಿಲ್ಲ. ರಕ್ತ ಕಾರಿಕೊಂಡು ಹೋದಳು.

ಮೊದಲ ಮಳೆಗೆ ಅಪ್ಪನ ಉಬ್ಬಸ ತಿರುಗಿ ಬಂತು. ಲೋಟಕ್ಕೆ ಔಷಧಿ ಬಗ್ಗಿಸಿ ಕೊಟ್ಟರೆ ತುಟಿಯವರೆಗೆ ತಂದು, ಅಡಿಗೆಮನೆ ಕಡೆ ತಿರುಗಿ, "ಅಕ್ಕಾ, ಕುಡುದ್ಯಾ?" ಅನ್ನುತ್ತಿದ್ದ. ಕಾಯುತ್ತಿದ್ದ. ಉತ್ತರ ಬಾರದಿದ್ದರೆ ಲೋಟ ಕೆಳಗಿಡುತ್ತಿದ್ದ. ನಾನು ಬೈದೆ, ಅತ್ತುಬಿಟ್ಟೆ, ಏನೂ ನಡೆಯಲಿಲ್ಲ. ಆ ಖಾಲಿ ಅಡಿಗೆಮನೆಗೆ ಹೋಗಲು ನನಗೇ ಹೆದರಿಕೆಯಾಗತೊಡಗಿತು.

ಒಂದು ಬೆಳಿಗ್ಗೆ ಅಪ್ಪನ ತುಟಿ ನೀಲಿಗಟ್ಟಿತ್ತು. ಲೋಟ ಹಿಡಿದು ಕೂತಿದ್ದ. ಮಾತಾಡಲು ಉಸಿರಿಲ್ಲದಿದ್ದರೂ ಅದನ್ನೇ ಕೇಳಿದ. ನಾನು ಒಲೆಯ ಮುಂದೆ ಹೋಗಿ ನಿಂತು, ಬಾಟಲಿಯಿಂದ ಒಂದು ಗುಟುಕು ಕುಡಿದು, ಅತ್ತೆಯ ದನಿಯಲ್ಲಿ ಹೇಳಿದೆ:

"ಕುಡುದ್ನಲ್ಲ ಕಣೋ. ಬದ್ಕೇ ಇವ್ನಿ, ನೀ ಕುಡಿ."

ಅಪ್ಪ ಕುಡಿದ. ಅವನು ಇದ್ದಷ್ಟು ದಿನವೂ ಬೆಳಿಗ್ಗೆ ಮೊದಲ ಗುಟುಕು ನಾನೇ ಕುಡಿಯುತ್ತಿದ್ದೆ.