ಗೆದ್ದಲು ತಿಂದ ಹಾಡು

ನಾನು ಓದುತ್ತಿದ್ದ ಸಾಲು ಗೆದ್ದಲು ತಿಂದ ಜಾಗದಲ್ಲಿ ನಿಂತುಹೋಯಿತು. ಅದರ ಮುಂದಿನ ಸಾಲು ಅಡುಗೆಮನೆಯಿಂದ ಕೇಳಿಬಂತು.

ತೊಂಬತ್ತರ ದಶಕದ ಕೊನೆ. ಹಳೆಯ ಕೈಬರಹಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಇಡುವ ಕೆಲಸಕ್ಕೆ ನಮ್ಮ ಗ್ರಂಥಾಲಯ ನನ್ನನ್ನು ತಮಿಳುನಾಡಿನ ತೇವಾರಂ ಊರಿಗೆ ಕಳಿಸಿತ್ತು. ನಾನು ಹೋದ ರೈತರ ಮನೆಯಲ್ಲಿ ಮಾತು ಕನ್ನಡ, ಕನ್ನಡದ ಅಕ್ಷರ ಮಾತ್ರ ಯಾರಿಗೂ ಬಾರದು. ಯಜಮಾನ ರಾಮಸಾಮಿ ತಮ್ಮ ಕುಲದೇವತೆಯ ಹಾಡಿನ ಪುಸ್ತಕವನ್ನು ನನ್ನಿಂದ ಓದಿಸಿ ಕೇಳಲು ಒಪ್ಪಿದ್ದರು, ನಕಲು ತೆಗೆಯಲು ಅಲ್ಲ. “ಇದು ಮನೆ ದಾಟಬಾರ್ದು ಸಾರ್” ಎಂದಿದ್ದರು.

ಹಾಡುತ್ತಲೇ ಹೊರಬಂದವರು ಅವರ ಅಕ್ಕ ಚಿನ್ನಮ್ಮ. ಕೈಗೆ ಹಿಟ್ಟು ಮೆತ್ತಿತ್ತು. ಬೆಟ್ಟದ ಗಾಳಿಯ ಜೊತೆ ಆ ದನಿ ಪಡಸಾಲೆ ತುಂಬ ತೇಲಿತು. ನಾನು ಪುಟ ತಿರುವುತ್ತ ಹೋದೆ. ಉಳಿದ ಅಕ್ಷರಗಳೆಲ್ಲ ಅವರ ಬಾಯಿಗೆ ಹೊಂದುತ್ತಿದ್ದವು. ಪುಸ್ತಕವೇ ತನ್ನನ್ನು ತಾನು ಓದಿಕೊಳ್ಳುತ್ತಿದೆ ಅನಿಸಿತು.

“ನಿಂಗೆ ಯಾರು ಹೇಳ್ಕೊಟ್ರಕ್ಕಾ?” ರಾಮಸಾಮಿ ಮೆಲ್ಲಗೆ ಕೇಳಿದರು.

“ಅಪ್ಪ ಪಾಡ್ತಿದ್ರಲ್ಲ ತಂಬಿ, ಬಾಗ್ಲ ಹಿಂದೆ ನಿಂತು ಕೇಳ್ಕೊಂಡೆ. ದ್ರಾಕ್ಷಿ ತೋಟದಾಗೆ ಕೂಲಿ ಹೆಣ್ಮಕ್ಕಳಿಗೆಲ್ಲ ಪಾಡಿವ್ನಿ. ಈಗ ಅವ್ರ ಮಕ್ಕಳೂ ಪಾಡ್ತವೆ.”

ರಾಮಸಾಮಿ ಪುಸ್ತಕವನ್ನು ತಾವೇ ಎತ್ತಿ ನಾನು ತಂದಿದ್ದ ಸ್ಕ್ಯಾನರಿನ ಮೇಲಿಟ್ಟರು.

ಇಲ್ಲದ ಸಾಲುಗಳನ್ನು ಚಿನ್ನಮ್ಮ ಹೇಳಿದರು, ನಾನು ಬರೆದುಕೊಂಡೆ. ಪುಸ್ತಕ ಕೊಟ್ಟವರ ಹೆಸರಿನ ಜಾಗದಲ್ಲಿ ಇಬ್ಬರ ಹೆಸರನ್ನೂ ಬರೆದೆ. ಅದರಲ್ಲಿ ತಮ್ಮ ಹೆಸರು ಯಾವುದೆಂದು ಕೇಳಿ, ಚಿನ್ನಮ್ಮ ಸೀರೆಗೆ ಕೈ ಒರೆಸಿಕೊಂಡು ಆ ಮೂರು ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದ್ದು ಇಂದಿಗೂ ನನ್ನ ಕಣ್ಣಲ್ಲಿದೆ.