ನಮ್ಮ ನಾದಿನಿಯ ಬಂದೂಕಿನ ಕೋಟು

ನನ್ನ ಗಂಡನ ತಂಗಿ ನಲವತ್ತು ದಾಟಿದ ಮೇಲೆ ಬಂದೂಕು ಹಿಡಿದಳು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅವಳ ಕಸುಬು ಹೊಲಿಗೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮಿಷನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಬೀದಿಯವರಿಗೆಲ್ಲ ಅವಳು ಟೇಲರಮ್ಮ. ಅವಳು ಹೊಲಿದದ್ದು ಮೈಗೆ ಹೇಗೆ ಕೂರುತ್ತಿತ್ತೆಂದರೆ, ಬಾಳೆಹಣ್ಣಿಗೆ ಸಿಪ್ಪೆ ಕೂತ ಹಾಗೆ. ಆ ಹೆಮ್ಮೆ ಅವಳ ನೆತ್ತಿಗೇರಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಊರಾಚೆಯ ರೈಫಲ್ ಕ್ಲಬ್ಬಿನ ಕೋಚು ಬಂದು ದಪ್ಪ ಕ್ಯಾನ್ವಾಸಿನ ಕೋಟೊಂದನ್ನು ಮೇಜಿನ ಮೇಲೆ ಹಾಕಿದರು. ಮೊಣಕೈಯ ಚರ್ಮದ ತೇಪೆ ಕಿತ್ತುಹೋಗಿತ್ತು.

"ಮಲಗಿಕೊಂಡು ಹೊಡೀತೀವಲ್ಲ, ನೆಲಕ್ಕೆ ಉಜ್ಜುತ್ತೆ" ಎಂದರು.

ಹೇಗೆ ಮಲಗುತ್ತಾರೆ ಎಂದು ನೋಡದೆ ತೇಪೆ ಹಾಕಲು ಇವಳ ಮನಸ್ಸು ಒಪ್ಪಲಿಲ್ಲ. ಕ್ಲಬ್ಬಿಗೇ ಹೋಗಿ, ಆ ಕೋಟು ತೊಟ್ಟು, ಚಾಪೆಯ ಮೇಲೆ ಬೋರಲು ಮಲಗಿದಳು. "ಮಲಗಿದ್ದು ಮಲಗಿದ್ದೀರಿ, ಒಂದು ಗುಂಡು ಹೊಡೆದೇ ಏಳಿ" ಎಂದು ಕೋಚು ಸಣ್ಣ ಗುಂಡಿನ ರೈಫಲ್ಲೊಂದನ್ನು ಕೈಗಿತ್ತರು. ಅಷ್ಟೇ. ಅವಳು ಎದ್ದದ್ದು ಸಂಜೆಗೆ.

ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ನನ್ನ ಅತ್ತೆ, ಅಂದರೆ ಅವಳ ತಾಯಿ, ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು. "ಮಲಗಿಕೊಂಡು ಆಡೋ ಆಟನಾ? ಹಾಗಾದ್ರೆ ನಿಮ್ಮಣ್ಣನ್ನೂ ಕರ್ಕೊಂಡು ಹೋಗು. ಅವನಿಗೆ ಚಿಕ್ಕಂದಿನಿಂದ ಅಭ್ಯಾಸ ಇದೆ."

ನಮ್ಮ ಮನೆಯವರು ಆಗ ಇನ್ನೂ ಇದ್ದರು. ತಟ್ಟೆಯಿಂದ ತಲೆ ಎತ್ತದೆ, "ಬಂದೂಕು ಬೇಡ, ದಿಂಬು ಕೊಟ್ಟರೆ ಬರ್ತೀನಿ" ಎಂದರು.

ನನ್ನೊಬ್ಬಳ ಹತ್ತಿರ ಮಾತ್ರ ಅವಳು ನಿಜ ಹೇಳಿದಳು. "ಅತ್ತಿಗೆ, ಅಂಗಡೀಲಿ ಬೆಳಗ್ಗಿಂದ ಎಲ್ಲರೂ ಆಯ್ತಾ ಆಯ್ತಾ ಅಂತ ಜೀವ ತಿಂತಾರೆ. ಅಲ್ಲಿ ಮಲಗಿದ್ರೆ ದೂರದಲ್ಲಿ ಒಂದು ಕಪ್ಪು ಚುಕ್ಕೆ, ಅಷ್ಟೇ. ಅದು ನನ್ನನ್ನ ಏನೂ ಕೇಳಲ್ಲ."

ಸ್ವಂತ ಬಂದೂಕಿಲ್ಲದ ಹೊಸಬರಿಗೆಂದು ಕ್ಲಬ್ಬಿನಲ್ಲಿದ್ದದ್ದು ಒಂದೇ ರೈಫಲ್ಲು. ಅದು ಆ ವರ್ಷ ಅವಳ ಪಾಲಿಗೆ ಬಂದಿತ್ತು. ವರ್ಷದ ಕೊನೆಯ ಹೊಸಬರ ಪಂದ್ಯದಲ್ಲಿ ಹತ್ತು ಗುಂಡಿನಲ್ಲಿ ನೂರಕ್ಕೆ ಎಂಬತ್ತೈದು ಬಂದರೆ ಅದು ಮುಂದಿನ ವರ್ಷವೂ ಅವಳಿಗೇ. ಬಾರದಿದ್ದರೆ ಸರದಿಯಲ್ಲಿ ಕಾದಿದ್ದ ಇನ್ನೊಬ್ಬರ ಕೈಗೆ. ಆಮೇಲೆ ಇವಳು ಮತ್ತೆ ಅಂಗಡಿಯಲ್ಲಿ ಕೂತು ಆಯ್ತಾ ಆಯ್ತಾ ಕೇಳಿಸಿಕೊಳ್ಳಬೇಕು.

ಪಂದ್ಯಕ್ಕೆ ತನ್ನದೇ ಕೋಟು ಹೊಲಿದುಕೊಂಡಳು. ಸ್ವಲ್ಪ ಸಡಿಲ ಇರಲಿ, ನಿಯಮ ಇದೆ ಎಂದು ಕೋಚು ಹೇಳಿದ್ದರಂತೆ. "ಸಡಿಲ ಹೊಲಿಯೋಕೆ ಟೇಲರ್ ಯಾಕೆ ಬೇಕು? ಬೆಡ್‌ಶೀಟ್ ಸುತ್ಕೊಂಡ್ರೆ ಆಗಲ್ವಾ?" ಎಂದು ನನ್ನ ಮುಂದೆ ಗೊಣಗಿದಳು. ಪಂದ್ಯದ ದಿನದವರೆಗೂ ಅದನ್ನು ಯಾರಿಗೂ ತೋರಿಸಲಿಲ್ಲ.

ಆ ದಿನ ನಾನೂ ಜೊತೆಗೆ ಹೋದೆ, ಬಟ್ಟೆಯ ಚೀಲದಲ್ಲಿ ಫ್ಲಾಸ್ಕು, ಬ್ರೆಡ್ಡು ಹಿಡಿದುಕೊಂಡು. ಬಾಗಿಲಲ್ಲೇ ತಪಾಸಣೆಯ ಮೇಜು. ಅಲ್ಲಿ ಕೂತಿದ್ದ ಮೀಸೆಯವರು ಕೋಟಿನ ಒಂದು ಅಂಚನ್ನು ಇನ್ನೊಂದರ ಮೇಲೆ ಎಳೆದರು. ಮತ್ತೆ ಎಳೆದರು.

"ಗುಂಡಿ ದಾಟಿ ನಾಲ್ಕು ಬೆರಳು ಎಳೆಯೋಕೆ ಬರಬೇಕಮ್ಮ. ಇಲ್ಲಿ ಉಗುರೂ ಬರ್ತಿಲ್ಲ."

"ಅಳತೆ ಸರಿಯಾಗಿದೆ ಸಾರ್."

"ಅದೇ ತಪ್ಪು. ಬಿಗಿ ಕೋಟು ಮೈಯನ್ನ ಅಲುಗಾಡದ ಹಾಗೆ ಹಿಡಿಯುತ್ತೆ. ಗುರಿ ನೀವು ಹಿಡೀಬೇಕು, ಕೋಟು ಹಿಡೀಬಾರದು."

"ಸರಿಯಾಗಿ ಕೂತಿದೆ ಅಂತ ನನ್ನ ಬಟ್ಟೇನ ಇವತ್ತಿನವರೆಗೆ ಯಾರೂ ವಾಪಸ್ ಕಳಿಸಿಲ್ಲ!"

"ನಾನು ಕಳಿಸ್ತಾ ಇದ್ದೀನಲ್ಲ."

ಕ್ಲಬ್ಬಿನ ಕೋಟುಗಳೆಲ್ಲ ಎರಡೂ ತಂಡದ ಬೇರೆಯವರಿಗೆ ಹಂಚಿಹೋಗಿದ್ದವು. ಕೋಟಿಲ್ಲದೆ ಹೊಡೆದರೆ, ರೈಫಲ್ಲು ಅಲುಗದಂತೆ ತೋಳಿಗೆ ಬಿಗಿಯುವ ಪಟ್ಟಿ ತೋಳನ್ನೇ ಕೊಯ್ದುಬಿಡುತ್ತದೆ. ಅವಳ ಸರದಿ ಎರಡನೆಯ ತಂಡದಲ್ಲಿ ಇದ್ದದ್ದೇ ಪುಣ್ಯ, ಒಂದಿಷ್ಟು ಹೊತ್ತು ಸಿಕ್ಕಿತು.

"ಅತ್ತಿಗೆ, ಚೀಲ ಖಾಲಿ ಮಾಡಿ."

"ಯಾಕೇ?"

"ಮಾಡಿ ಅಂದ್ನಲ್ಲ!"

ಕತ್ತರಿ, ಸೂಜಿ, ದಾರ ಅವಳ ಬಳಿ ಸದಾ ಇರುತ್ತಿದ್ದವು. ಕೋಟಿನ ಬೆನ್ನಿನ ಹೊಲಿಗೆಯನ್ನು ಕುತ್ತಿಗೆಯಿಂದ ಸೊಂಟದವರೆಗೆ ಬಿಚ್ಚಿದಳು. ಆಗಿನ ಅವಳ ಮುಖ ಹಲ್ಲು ಕೀಳಿಸಿಕೊಳ್ಳುವವರ ಮುಖದಂತಿತ್ತು. ನನ್ನ ಚೀಲ ನೀಲಿ, ಮೇಲೆ ಕೆಂಪು ಗೆರೆ. ಅದನ್ನು ಉದ್ದಕ್ಕೆ ಕತ್ತರಿಸಿ ನಡುವೆ ಸೇರಿಸಿ, ದೊಡ್ಡ ದೊಡ್ಡ ಹೊಲಿಗೆ ಹಾಕಿದಳು.

"ಇದು ಹೊಲಿಗೆಯಲ್ಲ, ಬೇಲಿ. ನಾನು ಹಾಕಿದ್ದು ಅಂತ ಯಾರಿಗೂ ಹೇಳಬೇಡಿ."

"ಮತ್ತೆ ಯಾರು ಹಾಕಿದ್ದು ಅನ್ನಲಿ?"

"ನೀವು ಅನ್ನಿ."

ಮೀಸೆಯವರು ಮತ್ತೆ ಎಳೆದು ನೋಡಿದರು. ನಾಲ್ಕು ಬೆರಳು ಬಂತು. "ಈಗ ಕೋಟು ಆಯ್ತು" ಎಂದರು. ಇವಳು ಅವರನ್ನು ದುರುಗುಟ್ಟಿ ನೋಡಿ ಒಳಗೆ ನಡೆದಳು.

ಬೋರಲು ಮಲಗುವ ಆಟದಲ್ಲಿ ನೋಡುವವರಿಗೆ ಕಾಣುವುದೇ ಬೆನ್ನು. ಕಿವಿಗೆ ಮುಚ್ಚಳ ಹಾಕಿಕೊಳ್ಳುವ ಮೊದಲು ಪಿಸುಗುಟ್ಟಿದಳು, "ಹಿಂದೆ ನನ್ನ ಗಿರಾಕಿಗಳು ಯಾರಾದ್ರೂ ಇದ್ದಾರಾ?"

ಇಲ್ಲ ಎನ್ನಬೇಕಿತ್ತು. "ಮೂವರು ಇದ್ದಾರೆ ಕಣೇ" ಎಂದುಬಿಟ್ಟೆ. ಅವಳ ಬೆನ್ನು ಮರೆಮಾಡಲು ಕೈಯಗಲಿಸಿ ನಿಂತೆ. ಯಾರೋ ಅಧಿಕಾರಿ ಬಂದು, "ಗೆರೆಯಿಂದಾಚೆ ನಿಂತ್ಕೊಳ್ಳಿ ಅಮ್ಮ" ಎಂದು ಅಟ್ಟಿದರು.

ಕೋಚು ನನ್ನ ಪಕ್ಕದಲ್ಲೇ ದುರ್ಬೀನಿಗೆ ಕಣ್ಣಿಟ್ಟು ಎಣಿಸುತ್ತಿದ್ದರು. "ಏಳು... ಎಂಟು... ಮತ್ತೆ ಏಳು." ಹಣೆ ಒರೆಸಿಕೊಂಡರು. "ಕೆಲಸ ಕೆಡ್ತು. ಇನ್ನು ಉಳಿದ ಎಲ್ಲಾ ಗುಂಡೂ ಒಂಬತ್ತಕ್ಕೆ ಬಿದ್ದರೆ ಮಾತ್ರ ಉಂಟು."

ನಾಲ್ಕನೆಯದಕ್ಕೆ ಅವಳು ಉಸಿರು ಎಳೆದುಕೊಂಡಳು ನೋಡಿ, ಪರ್ರೆಂದು ಬೇಲಿ ಮುರಿಯಿತು. ಚೀಲದ ತುಂಡು ಒಂದು ಕಡೆ ಕಿತ್ತು ಬಾವುಟದ ಹಾಗೆ ಪಟಪಟ ಹಾರಿತು. ಗೆರೆಯಾಚೆ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಕಿವಿ ಮುಚ್ಚಿದ್ದರೂ ಬೆನ್ನಿಗೆ ಗಾಳಿ ತಾಗಿ ಅವಳಿಗೂ ತಿಳಿಯಿತು. ರೈಫಲ್ಲನ್ನು ಮೆಲ್ಲಗೆ ಇಳಿಸಿ, ಹಣೆಯನ್ನು ಕೈಮೇಲೆ ಇಟ್ಟು ಸುಮ್ಮನೆ ಮಲಗಿದಳು. ಎದ್ದು ಬಂದೇಬಿಡುತ್ತಾಳೆ ಎಂದುಕೊಂಡೆ ನಾನು.

ಏಳಲಿಲ್ಲ. ಮತ್ತೆ ಕೆನ್ನೆಯನ್ನು ರೈಫಲ್ಲಿಗೆ ಆನಿಸಿದಳು.

"ಹೋಗೋ ಮಾನ ಎಲ್ಲ ಹೋಗಿತ್ತಲ್ಲ ಅತ್ತಿಗೆ, ಆಮೇಲೆ ಚುಕ್ಕೆ ಒಂದೇ ಉಳೀತು" ಎಂದು ಅನಂತರ ಹೇಳಿದಳು.

"ಒಂಬತ್ತು" ಎಂದರು ಕೋಚು. "ಹತ್ತು. ಒಂಬತ್ತು." ಅಲ್ಲಿಂದ ಮುಂದೆ ಅವರು ಬಾಯಿ ಬಿಡಲೇ ಇಲ್ಲ. ನನ್ನ ತೋಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅದು ತಮ್ಮದೇ ತೋಳು ಎಂಬ ಹಾಗೆ.

ಎಂಬತ್ತಾರು ಬಂದಿತ್ತು. ಒಂದು ಕೈಯಲ್ಲಿ ಗುರಿಕಾರ್ಡು, ಇನ್ನೊಂದು ಕೈಯಲ್ಲಿ ಬೆನ್ನಿನ ಬಟ್ಟೆ ಹಿಡಿದುಕೊಂಡು ಅವಳು ಎಲ್ಲರ ಮುಂದೆ ನಡೆದುಬಂದಳು. ಗಿರಾಕಿಗಳತ್ತ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಅತ್ತೆ ಕಾದಿದ್ದರು. "ಎಲ್ಲಿ ಬಹುಮಾನ?"

"ಬಹುಮಾನ ಇಲ್ಲಮ್ಮ. ಮುಂದಿನ ವರ್ಷವೂ ಬಂದು ಹೊಡೀರಿ ಅಂದ್ರು."

"ಸೋತವರಿಗೆ ಏನಂದ್ರು?"

"ಮುಂದಿನ ವರ್ಷ ಮತ್ತೆ ಬನ್ನಿ ಅಂದ್ರು."

ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಗೆದ್ದೋರೂ ಬರಬೇಕು, ಸೋತೋರೂ ಬರಬೇಕು. ಹಾಗಾದ್ರೆ ಇದರಿಂದ ಬಿಡುಗಡೆ ಯಾವಾಗ್ಲೇ?"

"ಇಲ್ಲಮ್ಮ, ಬಿಡುಗಡೆಯೇ ಇಲ್ಲ" ಎಂದು ನಮ್ಮ ನಾದಿನಿ ಬಾಯ್ತುಂಬ ನಕ್ಕಳು.